ಹತ್ತು ಪೌಂಡಿಗೆ ಕೊಂಡ ಹುಲ್ಲಿನ ಮನೆ

ಇಂಗ್ಲೆಂಡಿನ ದಕ್ಷಿಣದಲ್ಲಿ, ಈಸ್ಟ್ ಸಸೆಕ್ಸ್‌ನ ಆಲ್ಫ್ರಿಸ್ಟನ್ ಅನ್ನುವ ಊರಲ್ಲಿ ಒಂದು ಹಳೆಯ ಮನೆ ಇದೆ. ಓಕ್ ಮರದ ಚೌಕಟ್ಟು, ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. 14ನೇ ಶತಮಾನದ್ದು. 1885ರಲ್ಲಿ ಇದನ್ನು ಕೆಡವಿ ಹಾಕಲು ಅನುಮತಿ ಸಿಕ್ಕಿತ್ತು. ಹನ್ನೊಂದು ವರ್ಷ ಕಳೆದ ಮೇಲೆ, 1896ರ ಏಪ್ರಿಲ್ 16ರಂದು, ಇದು ಬರೀ 10 ಪೌಂಡಿಗೆ ಮಾರಾಟವಾಯಿತು. ಕೊಂಡದ್ದು ನ್ಯಾಷನಲ್ ಟ್ರಸ್ಟ್, ಹಳೆಯ ಕಟ್ಟಡ ಮತ್ತು ಚೆಂದದ ಜಾಗಗಳನ್ನು ಜನರಿಗಾಗಿ ಉಳಿಸುವ ಸಂಸ್ಥೆ. 1895ರ ಜನವರಿಯಲ್ಲಿ ಹುಟ್ಟಿದ್ದ ಆ ಸಂಸ್ಥೆ ಕೊಂಡ ಮೊಟ್ಟಮೊದಲ ಕಟ್ಟಡ ಇದು. ಹೆಸರು ಆಲ್ಫ್ರಿಸ್ಟನ್ ಕ್ಲರ್ಜಿ ಹೌಸ್. ಅಂದರೆ ಪಾದ್ರಿಗಳ ಮನೆ.

ಮರ, ಮಣ್ಣು, ಹುಲ್ಲು. ಮೂರೂ ನೀರಿಗೆ ಹೆದರುವ ವಸ್ತುಗಳು. ಅದೂ ವರ್ಷವಿಡೀ ಜಿಟಿಜಿಟಿ ಮಳೆ ಹಿಡಿಯುವ ದೇಶದಲ್ಲಿ. ಹೀಗಿದ್ದೂ ಈ ಮನೆ ಆರು ಶತಮಾನ ಹೇಗೆ ನಿಂತಿತು? ಐದು ಶತಮಾನ ಗಟ್ಟಿಯಾಗಿ ನಿಂತದ್ದು 19ನೇ ಶತಮಾನದಲ್ಲಿ ಯಾಕೆ ಬೀಳುವ ಹಂತಕ್ಕೆ ಬಂತು? ಉಳಿಸಲು ಹೊರಟವರು ಏನು ಮಾಡಿದರು, ಏನು ಮಾಡಬಾರದು ಅಂದುಕೊಂಡರು? ಈ ಮೂರು ಪ್ರಶ್ನೆ ಹಿಡಿದು ಮನೆಯನ್ನು ಬುಡದಿಂದ ನೆತ್ತಿಯವರೆಗೆ ನೋಡೋಣ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತುಂಡು ತುಂಡಾಗಿ ರಿಪೇರಿ ಮಾಡಲು ಬರುವ ಹಾಗೆ ಕಟ್ಟಿದ್ದರಿಂದಲೇ ಈ ಮನೆ ಉಳಿಯಿತು. ಉಳಿಸಿದವರು ಆ ಗುಟ್ಟನ್ನು ಅರ್ಥ ಮಾಡಿಕೊಂಡಿದ್ದರು.

ಮೊದಲು ಜಾಗ. ಊರಿನ ನಡುವೆ ಟೈ ಅನ್ನುವ ಹಸಿರು ಬಯಲಿದೆ. ಅದರ ಪಕ್ಕ ಸೇಂಟ್ ಆಂಡ್ರ್ಯೂಸ್ ಚರ್ಚು. ಚರ್ಚಿನ ಮಗ್ಗುಲಲ್ಲೇ ಈ ಮನೆ. ಹತ್ತಿರದಲ್ಲಿ ಕುಕ್‌ಮಿಯರ್ ಎಂಬ ಚಿಕ್ಕ ಹೊಳೆ ಹರಿಯುತ್ತದೆ. ಸುತ್ತ ಸೌತ್ ಡೌನ್ಸ್ ಗುಡ್ಡಗಳು. ಆ ಗುಡ್ಡಗಳ ಒಳಗೆಲ್ಲ ಸೀಮೆಸುಣ್ಣ. ನಾವು ಶಾಲೆಯಲ್ಲಿ ಕೈಗೆ ಬಳಿದುಕೊಂಡ ಸೀಮೆಸುಣ್ಣದ ಹಾಗೆಯೇ ಬೆಳ್ಳಗೆ, ಮೆತ್ತಗೆ. ಅದರ ಪದರಗಳ ನಡುವೆ ಚಕಮಕಿ ಕಲ್ಲಿನ ಉಂಡೆಗಳು. ಗುಡ್ಡದಿಂದ ಉತ್ತರಕ್ಕೆ ಹೋದರೆ ಜೇಡಿಮಣ್ಣಿನ ನೆಲ, ಓಕ್ ಕಾಡು. ಆ ಸೀಮೆಗೆ ವೀಲ್ಡ್ ಅಂತ ಹೆಸರು. ಮನೆಗೆ ಬೇಕಾದದ್ದೆಲ್ಲ ಎತ್ತಿನ ಗಾಡಿ ಹೋಗಿಬರುವಷ್ಟು ದೂರದಲ್ಲೇ ಇತ್ತು.

ಈ ನಮೂನೆಯ ಮನೆಗೂ ಆ ಸೀಮೆಯ ಹೆಸರೇ ಬಂದಿದೆ. ವೀಲ್ಡನ್ ಮನೆ ಅನ್ನುತ್ತಾರೆ. ಕೆಂಟ್ ಮತ್ತು ಸಸೆಕ್ಸ್‌ನಲ್ಲಿ ಜಾಸ್ತಿ ಕಾಣುತ್ತದೆ. ಪಾದ್ರಿಗಳ ಮನೆ ಅನ್ನುವ ಹೆಸರು ಆಮೇಲೆ ಅಂಟಿಕೊಂಡದ್ದು. ಕಟ್ಟಿಸಿದವನು ಅನುಕೂಲಸ್ಥ ರೈತನೇ ಇರಬೇಕು. 1348-49ರಲ್ಲಿ ಇಂಗ್ಲೆಂಡಿಗೆ ಬಂದ ಮಹಾಮಾರಿ ಪ್ಲೇಗು ಊರೂರನ್ನೇ ಖಾಲಿ ಮಾಡಿತು. ಕೆಲಸಕ್ಕೆ ಆಳು ಸಿಗದೆ ಕೂಲಿ ಏರಿತು. ಬೇಸಾಯಕ್ಕೆ ಭೂಮಿ ಸುಲಭವಾಗಿ ಸಿಗತೊಡಗಿತು. ಬದುಕುಳಿದ ರೈತರಲ್ಲಿ ಕೆಲವರ ಕೈಯಲ್ಲಿ ನಾಲ್ಕು ಕಾಸು ಕೂಡಿತು. ಅಂಥವರು ಮುಂದಿನ ತಲೆಮಾರುಗಳಿಗೂ ಆಗುವಂಥ ಮನೆ ಕಟ್ಟಿಸಲು ಶುರು ಮಾಡಿದರು. ಅರಮನೆ, ಮಠಗಳನ್ನು ಕಟ್ಟುತ್ತಿದ್ದ ಬಡಗಿಗಳ ಕಸುಬು ರೈತನ ಮನೆಗೆ ಬಂದದ್ದು ಹೀಗೆ.

ಮನೆಯ ವಿನ್ಯಾಸ ನೋಡಿದ ಕೂಡಲೇ ಅರ್ಥವಾಗುವಂಥದ್ದು. ನಡುವೆ ಒಂದು ದೊಡ್ಡ ನಡುಮನೆ. ಅದಕ್ಕೆ ಅಟ್ಟವಿಲ್ಲ. ನೆಲದಿಂದ ಮಾಡಿನ ತುದಿಯವರೆಗೆ ಬಯಲು. ಎರಡು ಬದಿಯಲ್ಲಿ ಎರಡೆರಡು ಅಂತಸ್ತಿನ ಕೋಣೆಗಳು. ಈ ನಮೂನೆಯ ಮನೆಗಳಲ್ಲಿ ಒಂದು ಬದಿ ಉಗ್ರಾಣಕ್ಕೆ. ಅಲ್ಲಿ ಪಾನೀಯದ ಪೀಪಾಯಿಗೆ ಒಂದು ಕೋಣೆ, ರೊಟ್ಟಿ ಮತ್ತು ಒಣ ಸಾಮಾನಿಗೆ ಒಂದು ಕೋಣೆ. ಇನ್ನೊಂದು ಬದಿ ಯಜಮಾನನ ಕುಟುಂಬಕ್ಕೆ. ಮಹಡಿಯ ಕೋಣೆಯಲ್ಲಿ ಅವರು ಮಲಗುತ್ತಿದ್ದರು. ಉಗ್ರಾಣದ ಕಡೆ ಮುಂದೊಂದು ಬಾಗಿಲು, ಅದಕ್ಕೆ ನೇರ ಎದುರಿಗೆ ಹಿಂದೊಂದು ಬಾಗಿಲು. ನಡುವೆ ಓಡಾಡುವ ದಾರಿ. ಮುಂಬಾಗಿಲಿಂದ ನೋಡಿದರೆ ಹಿತ್ತಲು ಕಾಣುವ ನಮ್ಮ ಹಳೇ ಮನೆಗಳ ಹಾಗೇ, ಅಲ್ವಾ?

ಮುಂಭಾಗದಲ್ಲಿ ಒಂದು ವಿಶೇಷ ಇದೆ. ಎರಡು ಬದಿಯ ಮಹಡಿ ಕೋಣೆಗಳು ಕೆಳಗಿನ ಗೋಡೆಗಿಂತ ಒಂದಿಷ್ಟು ಮುಂದಕ್ಕೆ ಚಾಚಿವೆ. ನಡುಮನೆಗೆ ಮಹಡಿಯಿಲ್ಲ, ಹಾಗಾಗಿ ಅದರ ಗೋಡೆ ಚಾಚುವ ಹಾಗಿಲ್ಲ. ಅದು ಹಿಂದಕ್ಕೆ ಸರಿದ ಹಾಗೆ ಕಾಣುತ್ತದೆ. ಆದರೆ ಮೇಲಿನ ಮಾಡು ಒಂದೇ. ಅದರ ಸೂರು ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗುತ್ತದೆ. ನಡುಮನೆಯ ಮುಂದೆ ಆ ಸೂರಿನ ತೊಲೆಗೆ ಕೆಳಗೆ ಗೋಡೆಯೇ ಇಲ್ಲ. ಗಾಳಿಯಲ್ಲಿ ತೂಗುತ್ತಿರುವ ಆ ತೊಲೆಯನ್ನು ಎರಡು ಬದಿಯಿಂದ ಬಾಗಿದ ಮರಗಳು ಮೊಣಕೈ ಕೊಟ್ಟು ಹಿಡಿದಿವೆ. ಎಲ್ಲಾದರೂ ಈ ಬಾಗಿದ ಮೊಣಕೈ ಮರಗಳು ಕಂಡರೆ ಅದು ವೀಲ್ಡನ್ ಮನೆ ಎಂದು ದೂರದಿಂದಲೇ ಗುರುತು ಹಿಡಿಯಬಹುದು.

ಈಗ ಚೌಕಟ್ಟಿಗೆ ಬರೋಣ. ನನಗೆ ಅತಿ ಇಷ್ಟವಾದ ಭಾಗ ಇದು.

ಆ ಕಾಲದ ಬಡಗಿ ಓಕ್ ಮರವನ್ನು ಒಣಗಿಸಿ ಇಡುತ್ತಿರಲಿಲ್ಲ. ಕಡಿದ ಹೊಸದರಲ್ಲೇ, ಹಸಿ ಇರುವಾಗಲೇ ಕೆತ್ತುತ್ತಿದ್ದ. ಒಣಗಿದ ಓಕ್ ಕಬ್ಬಿಣದ ಹಾಗೆ. ಉಳಿಗೆ ಬಗ್ಗುವುದಿಲ್ಲ. ಹಸಿ ಓಕ್ ಬೆಣ್ಣೆಯಲ್ಲದಿದ್ದರೂ ಮಾತು ಕೇಳುತ್ತದೆ. ಕೊಡಲಿಯಲ್ಲಿ ಚೌಕ ಮಾಡಿ, ನಾಲ್ಕು ಮಗ್ಗುಲನ್ನೂ ನುಣುಪು ಮಾಡಿ, ತೊಲೆ, ಕಂಬ, ಅಡ್ಡಮರ ಎಲ್ಲವನ್ನೂ ಬಡಗಿಯ ಅಂಗಳದಲ್ಲೇ ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದರು. ಒಂದೊಂದು ಗೋಡೆಯ ಚೌಕಟ್ಟು ಪೂರ್ತಿ ಕೂಡಿದ ಮೇಲೆ ಪ್ರತಿ ಕೂಡಿಕೆಯ ಎರಡೂ ಮರಗಳ ಮೇಲೆ ಉಳಿಯಿಂದ ಒಂದೇ ಗುರುತು ಕೊರೆಯುತ್ತಿದ್ದರು. ಹೆಚ್ಚಾಗಿ ರೋಮನ್ ಅಂಕೆಗಳ ಹಾಗಿರುವ ಗೀಟುಗಳು. ನೇರ ಗೀಟು ಉಳಿಗೆ ಸುಲಭ ಅಂತ. ಆಮೇಲೆ ಎಲ್ಲ ಬಿಚ್ಚಿ ಗಾಡಿಗೆ ಹೇರಿ ಮನೆ ಕಟ್ಟುವ ಜಾಗಕ್ಕೆ ತಂದು, ಗುರುತಿಗೆ ಗುರುತು ಕೂಡಿಸಿ, ಹತ್ತಾರು ಜನ ಸೇರಿ ಚೌಕಟ್ಟನ್ನು ಎತ್ತಿ ನಿಲ್ಲಿಸುತ್ತಿದ್ದರು. ಎಲ್ಲೋ ಮಾಡಿದ ಮನೆಯನ್ನು ಇನ್ನೆಲ್ಲೋ ತಂದು ನಿಲ್ಲಿಸುವ ಕೆಲಸ ಆಗಲೇ ನಡೆಯುತ್ತಿತ್ತು.

ಒಂದು ಕೂಡಿಕೆಯನ್ನು ಹತ್ತಿರದಿಂದ ನೋಡಿ. ಒಂದು ಮರದ ತುದಿಯಲ್ಲಿ ನಾಲಿಗೆ ಬಿಡಿಸಿರುತ್ತಾರೆ. ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು. ನಾಲಿಗೆ ತೂತಿನೊಳಗೆ ಕೂತ ಮೇಲೆ ಎರಡನ್ನೂ ದಾಟಿ ಹೋಗುವ ಹಾಗೆ ಅಡ್ಡಕ್ಕೆ ಒಂದು ಮರದ ಗೂಟ ಹೊಡೆಯಬೇಕು. ಇಲ್ಲಿದೆ ಜಾಣ್ಮೆ. ಬಡಗಿ ಎರಡು ಮರಕ್ಕೂ ಒಟ್ಟಿಗೆ ಬೈರಿಗೆ ಹಾಕುವುದಿಲ್ಲ. ಮೊದಲು ತೂತಿರುವ ಮರಕ್ಕೆ ರಂಧ್ರ ಕೊರೆಯುತ್ತಾನೆ. ನಾಲಿಗೆಯನ್ನು ಒಳಗೆ ಕೂರಿಸಿ, ರಂಧ್ರದ ಜಾಗ ಗುರುತು ಮಾಡಿಕೊಂಡು ಹೊರಗೆ ಎಳೆಯುತ್ತಾನೆ. ಆಮೇಲೆ ನಾಲಿಗೆಗೆ ರಂಧ್ರ ಕೊರೆಯುವಾಗ ಗುರುತಿನ ಮೇಲೆ ಕೊರೆಯದೆ, ತುಸುವೇ ತುಸು ಬುಡದ ಕಡೆಗೆ ಸರಿಸಿ ಕೊರೆಯುತ್ತಾನೆ. ಮತ್ತೆ ಕೂಡಿಸಿದರೆ ರಂಧ್ರಗಳು ಒಂದರ ನೇರಕ್ಕೆ ಒಂದು ಬರುವುದಿಲ್ಲ. ತುದಿ ಚೂಪು ಮಾಡಿದ ಓಕ್ ಗೂಟವನ್ನು ಕೊಡತಿಯಿಂದ ಹೊಡೆದಾಗ ಅದು ಸ್ವಲ್ಪ ಬಾಗಿಕೊಂಡು ಒಳಗೆ ಹೋಗುತ್ತದೆ. ಹೋಗುತ್ತಾ ನಾಲಿಗೆಯನ್ನು ತೂತಿನೊಳಕ್ಕೆ ಬಿಗಿಯಾಗಿ ಎಳೆಯುತ್ತದೆ. ಅಂಟು ಬೇಡ, ಕಬ್ಬಿಣ ಬೇಡ. ಹಸಿ ಮರ ವರ್ಷಗಟ್ಟಲೆ ಒಣಗುತ್ತಾ ಕುಗ್ಗುತ್ತಾ ಹೋದರೂ ಆ ಬಾಗಿದ ಗೂಟ ಕೂಡಿಕೆಯನ್ನು ಬಿಡುವುದಿಲ್ಲ.

ಕಬ್ಬಿಣ ಯಾಕೆ ಬೇಡ ಅಂದರೆ ದುಡ್ಡು ಒಂದೇ ಕಾರಣವಲ್ಲ. ಓಕ್ ಮರದಲ್ಲಿ ಟ್ಯಾನಿನ್ ಜಾಸ್ತಿ. ತೊಗಲು ಹದ ಮಾಡಲು ಓಕ್ ತೊಗಟೆ ಬಳಸುತ್ತಿದ್ದದ್ದು ಅದಕ್ಕೇ. ಹಸಿ ಓಕ್‌ಗೆ ಕಬ್ಬಿಣದ ಮೊಳೆ ಹೊಡೆದರೆ ಮರ ಕಪ್ಪಾಗುತ್ತದೆ, ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಮರದ ಗೂಟಕ್ಕೆ ಆ ಭಯವಿಲ್ಲ. ಮುಖ್ಯವಾಗಿ, ಗೂಟವನ್ನು ಹಿಂದಿನಿಂದ ಹೊಡೆದು ಕಳಚಬಹುದು. ಒಂದು ಕಂಬದ ಬುಡ ಹಾಳಾದರೆ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಹೊಸ ಓಕ್ ತುಂಡು ಕೂಡಿಸಿ, ಮತ್ತೆ ಗೂಟ ಹೊಡೆದರೆ ಆಯಿತು. ಇಡೀ ಮನೆ ಬಿಚ್ಚಬೇಕಿಲ್ಲ.

ಮಾಡಿನ ಒಳಗಿನ ಮರಗೆಲಸ ಇನ್ನೂ ಚೆಂದ. ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ ಎದುರು ಗೋಡೆಯಿಂದ ಈ ಗೋಡೆಗೆ ದಪ್ಪನೆಯ ಅಡ್ಡತೊಲೆ ಕಾಣುತ್ತದೆ. ಪಕಾಸುಗಳು ಮಾಡಿನ ಭಾರಕ್ಕೆ ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. ತಳ್ಳಲು ಬಿಡದೆ ಎರಡು ಗೋಡೆಯನ್ನೂ ಹಿಡಿದು ಕಟ್ಟಿರುವುದು ಈ ಅಡ್ಡತೊಲೆ. ಅದರ ನಡುವೆ ಒಂದು ಗಿಡ್ಡ ಕಂಬ ನಿಂತಿದೆ. ಆ ಕಂಬ ಮಾಡಿನ ನೆತ್ತಿಯವರೆಗೆ ಹೋಗುವುದಿಲ್ಲ. ನಡುವೆಯೇ ನಿಂತು, ಮನೆಯ ಉದ್ದಕ್ಕೆ ಸಾಗುವ ಒಂದು ತೊಲೆಯನ್ನು ಹೊತ್ತಿದೆ. ಎದುರುಬದುರು ಪಕಾಸುಗಳನ್ನು ಜೋಡಿಸುವ ಅಡ್ಡಪಟ್ಟಿಗಳೆಲ್ಲ ಆ ಉದ್ದ ತೊಲೆಯ ಮೇಲೆ ಕೂತಿವೆ. ನೆತ್ತಿಯಲ್ಲಿ ಉದ್ದ ತೊಲೆ ಇಲ್ಲದ ಮಾಡು ಇದು. ಪಕಾಸುಗಳ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಗಾಳಿ ಜೋರಾದರೆ ನಿಲ್ಲಿಸಿದ ಇಸ್ಪೀಟೆಲೆಗಳ ಹಾಗೆ ಒಂದರ ಮೇಲೆ ಒಂದು ವಾಲಿಬಿಡಬಹುದು. ಹಾಗೆ ವಾಲದಂತೆ ತಡೆಯುವುದು ಈ ಗಿಡ್ಡ ಕಂಬದಿಂದ ಹೊರಟ ಬಾಗಿದ ಕೈಮರಗಳು ಮತ್ತು ಉದ್ದ ತೊಲೆ. ಇದಕ್ಕೆ ಇಂಗ್ಲಿಷಿನಲ್ಲಿ ಕ್ರೌನ್ ಪೋಸ್ಟ್ ಅಂತ ಹೆಸರು. ಬಂದವರೆಲ್ಲ ತಲೆ ಎತ್ತಿ ನೋಡುವ ಜಾಗ ಅಂತಲೇ ಈ ಕಂಬಕ್ಕೆ ಅಚ್ಚುಕಟ್ಟಾಗಿ ಗೀರು ಕೆತ್ತುತ್ತಿದ್ದರು. ಮನೆಯ ಯಜಮಾನನ ಅಂತಸ್ತು ಅಲ್ಲಿ ಕಾಣಬೇಕಿತ್ತು.

ಗೋಡೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಯಾಕೆಂದರೆ ನಮಗೆ ಇದು ಗೊತ್ತಿರುವ ಕೆಲಸವೇ. ಕಂಬಗಳ ನಡುವಿನ ಜಾಗದಲ್ಲಿ ಓಕ್ ಕಡ್ಡಿ ನಿಲ್ಲಿಸಿ, ಅದರ ಸುತ್ತ ಹೇಝಲ್ ಎಂಬ ಗಿಡದ ಬಳುಕುವ ಕೋಲುಗಳನ್ನು ಹೆಣೆಯುವುದು. ಅಂದರೆ ತಡಿಕೆ. ಅದರ ಎರಡೂ ಕಡೆ ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಮೆತ್ತುವುದು. ಮೇಲೆ ಸುಣ್ಣ. ಭಾರವನ್ನೆಲ್ಲ ಮರದ ಚೌಕಟ್ಟೇ ಹೊರುವುದರಿಂದ ಗೋಡೆಗೆ ಗಾಳಿ ತಡೆಯುವುದಷ್ಟೇ ಕೆಲಸ. ಬಿರುಕು ಬಿಟ್ಟರೆ ಅದೇ ಊರಿನ ಮಣ್ಣು ಕಲಸಿ ಮತ್ತೆ ಮೆತ್ತಬಹುದು.

ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಮಣ್ಣು ಮತ್ತು ಸುಣ್ಣ ನೀರು ಹೀರುತ್ತವೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತವೆ. ಗೋಡೆ ಉಸಿರಾಡುತ್ತದೆ. 20ನೇ ಶತಮಾನದಲ್ಲಿ ಇಂಥ ಎಷ್ಟೋ ಮನೆಗಳಿಗೆ ಗಟ್ಟಿಯಾಗಲಿ ಎಂದು ಸಿಮೆಂಟ್ ಗಾರೆ ಬಳಿದರು. ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ. ಇಬ್ಬರ ನಡುವೆ ಕೂದಲೆಳೆ ಸಂದು ಬೀಳುತ್ತದೆ. ಮಳೆ ನೀರು ಸಂದಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಹೊರಗೆ ಗೋಡೆ ನುಣ್ಣಗೆ ಕಾಣುತ್ತಾ ಇರುವಾಗಲೇ ಒಳಗೆ ಓಕ್ ಕೊಳೆಯುತ್ತದೆ. ಹಳೆಯ ಮರದ ಮನೆಗಳಿಗೆ ಕಾಲ ಮಾಡಿದ ಹಾನಿಗಿಂತ ಈ ಒಳ್ಳೆಯ ಮನಸ್ಸಿನ ಸಿಮೆಂಟ್ ಮಾಡಿದ ಹಾನಿ ನನಗೆ ಜಾಸ್ತಿ ಸಂಕಟ ಕೊಡುತ್ತದೆ.

ನೆಲದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಮನೆಯ ನಡುಮನೆಯ ನೆಲ ಸೀಮೆಸುಣ್ಣದ್ದು. ಗುಡ್ಡದಿಂದ ತಂದ ಸೀಮೆಸುಣ್ಣವನ್ನು ಕುಟ್ಟಿ ಗಟ್ಟಿ ಮಾಡಿ, ಮೇಲೆ ಹುಳಿ ಹಾಲು ಸುರಿದು ಮುಚ್ಚಿದ್ದಾರೆ. ಹೌದು, ಒಡೆದು ಹುಳಿಯಾದ ಹಾಲು. ಇದರಲ್ಲಿ ಮಾಟ ಏನೂ ಇಲ್ಲ. ಹಾಲು ಒಡೆದಾಗ ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನು ಬೇರೆಯಾಗುತ್ತದೆ. ಪನೀರು ಮಾಡುವಾಗ ಗಟ್ಟಿಯಾಗಿ ಉಳಿಯುತ್ತದಲ್ಲ, ಅದೇ. ಅದು ಒಣಗಿದರೆ ಗಟ್ಟಿ ಅಂಟು. ಬಡಗಿಗಳು, ಬಣ್ಣ ಹಚ್ಚುವವರು ಇದನ್ನು ಬಹಳ ಹಿಂದಿನಿಂದ ಬಳಸುತ್ತಾ ಬಂದಿದ್ದಾರೆ. ಸೀಮೆಸುಣ್ಣದ ಪುಡಿಯ ಕಣಗಳನ್ನು ಈ ಅಂಟು ಒಂದಕ್ಕೊಂದು ಹಿಡಿದುಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ನಡೆದಾಡಿದರೆ ಬಿಳಿ ಧೂಳು ಏಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸಗಣಿ ಹಾಕಿ ಸಾರಿಸಿದ ಮಣ್ಣಿನ ನೆಲವೂ ಇದೇ ಕೆಲಸ ಮಾಡುತ್ತಿತ್ತು. ಯಾವ ವಸ್ತು ಕೈಗೆ ಸಿಗುತ್ತದೋ ಅದರಲ್ಲೇ ಧೂಳು ಕಟ್ಟಿಹಾಕುವ ದಾರಿಯನ್ನು ಎರಡೂ ಊರಿನವರು ಕಂಡುಕೊಂಡಿದ್ದರು.

ಈ ನೆಲದ ನಡುವೆ ಬೆಂಕಿ ಉರಿಯುತ್ತಿತ್ತು. ಗೋಡೆಗೆ ಒರಗಿಸಿದ ಒಲೆಯಲ್ಲ, ಚಿಮಣಿಯಿಲ್ಲ. ಬಯಲು ಬೆಂಕಿ. ಹೊಗೆ ಮೇಲೆ ಹೋಗಿ ಮಾಡಿನಲ್ಲಿ ತುಂಬಿಕೊಂಡು, ಹುಲ್ಲಿನ ಸಂದಿಯಿಂದ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ನಡುಮನೆಗೆ ಅಟ್ಟ ಹಾಕದೆ ಬಿಟ್ಟದ್ದು ಇದಕ್ಕೇ. ಹೊಗೆಗೆ ಜಾಗ ಬೇಕಲ್ಲ! ಕಿಟಕಿಗಳಿಗೆ ಗಾಜಿರಲಿಲ್ಲ. ಆ ಕಾಲದಲ್ಲಿ ಗಾಜು ರೈತನ ಕೈಗೆಟುಕದ ವಸ್ತು. ಮರದ ಸರಳು ನಿಲ್ಲಿಸಿ, ಚಳಿಗೆ ಹಲಗೆಯ ಬಾಗಿಲು ಮುಚ್ಚುತ್ತಿದ್ದರು. ಇಂಗ್ಲಿಷಿನ ವಿಂಡೋ ಅನ್ನುವ ಮಾತು ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅದರ ಅರ್ಥ ಗಾಳಿಯ ಕಣ್ಣು. ನಮ್ಮ ಗವಾಕ್ಷಿಯಲ್ಲೂ ಒಂದು ಕಣ್ಣಿದೆ, ಅದು ಹಸುವಿನದು. ಎಲ್ಲೆಲ್ಲಿಯ ಜನರೋ, ಕಿಟಕಿ ಕಂಡಾಗ ಹೊಳೆದದ್ದು ಮಾತ್ರ ಕಣ್ಣೇ.

ಹೊಗೆಯಿಂದ ಕಣ್ಣು ಉರಿಯುತ್ತಿತ್ತು, ನಿಜ. ಆದರೆ ಹೊಗೆ ಮಾಡಿಗೆ ಒಳ್ಳೆಯದನ್ನೇ ಮಾಡಿತು. ಪಕಾಸುಗಳಿಗೆ, ಹುಲ್ಲಿನ ಒಳಪದರಕ್ಕೆ ಮಸಿ ಹಿಡಿದು ಹುಳಹುಪ್ಪಟೆ ದೂರ ಉಳಿಯುತ್ತಿದ್ದವು. ಹುಲ್ಲು ಒಣಗಿ ಬೆಚ್ಚಗಿರುತ್ತಿತ್ತು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಡೆವನ್ ಸೀಮೆಯಲ್ಲಿ, ಕೆಲವು ಮನೆಗಳ ಮಾಡಿನ ಅತಿ ಒಳಗಿನ ಪದರ ಮಧ್ಯಕಾಲದ ಹುಲ್ಲೇ ಆಗಿದೆ. ಮಸಿಯಿಂದ ಕಪ್ಪಾಗಿ ಕೆಡದೆ ಉಳಿದಿದೆ. ಅದರಲ್ಲಿ ಆ ಕಾಲದ ಗೋಧಿ, ರೈ ಮುಂತಾದ ಪೈರಿನ ತೆನೆ, ಕಳೆಬೀಜ ಎಲ್ಲ ಸಿಕ್ಕಿವೆ. ಆಗಿನ ಗದ್ದೆಗಳಲ್ಲಿ ಏನೇನು ಬೆಳೆಯುತ್ತಿತ್ತು ಎಂದು ತಿಳಿಯಲು ವಿಜ್ಞಾನಿಗಳು ಮನೆಯ ಮಾಡನ್ನೇ ಓದುತ್ತಾರೆ.

ಹುಲ್ಲಿನ ಮಾಡು ಸೋರುವುದಿಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಸರಿಯಾದ ಇಳಿಜಾರಿದ್ದರೆ ಸೋರುವುದಿಲ್ಲ. ಸುಮಾರು 50 ಡಿಗ್ರಿ ಇಳಿಜಾರು ಬೇಕು. ಒಂದು ಅಡಿಯಷ್ಟು ದಪ್ಪದ ಹೊದಿಕೆ. ಹುಲ್ಲಿನ ಕಡ್ಡಿಗಳೆಲ್ಲ ಕೆಳಮುಖವಾಗಿ ಒತ್ತೊತ್ತಾಗಿ ಕೂತಿರುತ್ತವೆ. ಮಳೆಹನಿ ಒಂದು ಕಡ್ಡಿಯ ತುದಿಗೆ ಬಿದ್ದು, ಅಲ್ಲಿಂದ ಕೆಳಗಿನ ಕಡ್ಡಿಗೆ, ಅಲ್ಲಿಂದ ಇನ್ನೂ ಕೆಳಗಿನ ಕಡ್ಡಿಗೆ ಜಾರುತ್ತಾ ಸೂರಿಗೆ ಬಂದು ತೊಟ್ಟಿಕ್ಕುತ್ತದೆ. ಒದ್ದೆಯಾಗುವುದು ಮೇಲಿನ ಒಂದೆರಡು ಅಂಗುಲ ಮಾತ್ರ. ಒಳಗೆ ಹುಲ್ಲು ಬೇಸಿಗೆಯ ಬಣವೆಯ ಹಾಗೆ ಒಣಗಿಯೇ ಇರುತ್ತದೆ. ಇಳಿಜಾರು ಕಡಿಮೆಯಾದರೆ ನೀರು ನಿಧಾನವಾಗುತ್ತದೆ, ಒಳಗೆ ಇಳಿಯುತ್ತದೆ, ಹುಲ್ಲು ಕೊಳೆಯುತ್ತದೆ. ಹಾಗಾಗಿ ಹಳೆಯ ಮನೆಯೊಂದರ ಮಾಡು ಬಹಳ ಕಡಿದಾಗಿದ್ದರೆ, ಈಗ ಹೆಂಚು ಇದ್ದರೂ, ಮೊದಲು ಹುಲ್ಲಿತ್ತೇನೋ ಎಂದು ಅನುಮಾನ ಪಡಬಹುದು.

ಸೂರಿಗೆ ನೀರಿನ ದೋಣಿ ಕಟ್ಟುವುದಿಲ್ಲ. ಬದಲಿಗೆ ಹುಲ್ಲನ್ನು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿ ಬಿಡುತ್ತಾರೆ. ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಬೀಳಬೇಕು. ಯಾಕೆಂದರೆ ಇಡೀ ಮನೆಯ ಪ್ರಾಣ ಇರುವುದು ಬುಡದಲ್ಲಿ. ಅಲ್ಲಿ ಕಂಬಗಳು ನಿಂತಿರುವ ತಳದ ತೊಲೆ ಇದೆ. ಅದನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಗಿಡ್ಡ ಕಟ್ಟೆಯ ಮೇಲೆ ಇಡುತ್ತಾರೆ. ಹಳೆಯ ಇಂಗ್ಲಿಷ್ ಮಣ್ಣಿನ ಮನೆಗಳ ಬಗ್ಗೆ ಅಲ್ಲಿಯವರಲ್ಲಿ ಒಂದು ಮಾತಿದೆ: ಕಾಲಿಗೆ ಒಳ್ಳೆಯ ಬೂಟು, ತಲೆಗೆ ಒಳ್ಳೆಯ ಟೋಪಿ. ಕಲ್ಲಿನ ಕಟ್ಟೆ ಬೂಟು, ಹುಲ್ಲಿನ ಮಾಡು ಟೋಪಿ.

ಹುಲ್ಲು ಶಾಶ್ವತವಲ್ಲ. ಗೋಧಿ ಹುಲ್ಲಿನ ಹೊದಿಕೆ ಸುಮಾರು 20-30 ವರ್ಷ ಬರುತ್ತದೆ. ಕೆರೆ, ಹೊಳೆ ದಂಡೆಯಲ್ಲಿ ಬೆಳೆಯುವ ಜೊಂಡು ಇನ್ನೂ ಹೆಚ್ಚು. ನೆತ್ತಿಯ ಭಾಗ ಬೇಗ ಸವೆಯುತ್ತದೆ, ಅದನ್ನು 10-15 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಆದರೆ ಪೂರ್ತಿ ಕಿತ್ತುಹಾಕುವ ಪದ್ಧತಿ ಇರಲಿಲ್ಲ. ಕೊಳೆತ ಮೇಲ್ಪದರ ಬಾಚಿ ತೆಗೆದು, ಗಟ್ಟಿ ಇರುವ ಹಳೆಯ ಪದರದ ಮೇಲೆಯೇ ಹೊಸ ಹುಲ್ಲು ಇಟ್ಟು, ಹೇಝಲ್ ಕಡ್ಡಿಯನ್ನು ನಡುವೆ ತಿರುಚಿ ಹೇರ್‌ಪಿನ್ನಿನ ಹಾಗೆ ಬಾಗಿಸಿ ಚುಚ್ಚಿ ಹಿಡಿಸುತ್ತಿದ್ದರು. ಅಜ್ಜನ ಪದರದ ಮೇಲೆ ಅಪ್ಪನ ಪದರ, ಅದರ ಮೇಲೆ ಮಗನದು.

ಇಷ್ಟೆಲ್ಲ ನೋಡಿದ ಮೇಲೆ ಎರಡನೆಯ ಪ್ರಶ್ನೆಗೆ ಉತ್ತರ ತಾನೇ ಹೊಳೆಯುತ್ತದೆ. ಮನೆಯ ಪ್ರತಿ ಭಾಗವೂ ಒಂದು ಲೆಕ್ಕದ ಪ್ರಕಾರ ಕೈ ಬೇಡುತ್ತದೆ. ಸುಣ್ಣಕ್ಕೆ ಕೆಲವು ವರ್ಷಕ್ಕೊಮ್ಮೆ, ನೆತ್ತಿಗೆ ಹತ್ತು ಹದಿನೈದು ವರ್ಷಕ್ಕೊಮ್ಮೆ, ಹುಲ್ಲಿಗೆ ಒಂದು ತಲೆಮಾರಿಗೊಮ್ಮೆ, ಕಂಬದ ಬುಡಕ್ಕೆ ನೂರಿನ್ನೂರು ವರ್ಷಕ್ಕೊಮ್ಮೆ. ಕೈ ಸಿಗುತ್ತಿರುವವರೆಗೆ ಏನೂ ಆಗುವುದಿಲ್ಲ. ಸಿಗದೆ ಹೋದರೆ ಹುಲ್ಲಿನಲ್ಲಿ ಒಂದು ತೂತು ಬೀಳುತ್ತದೆ. ನೀರು ಪಕಾಸಿನ ಕಾಲಿಗೆ ಇಳಿಯುತ್ತದೆ. ಒದ್ದೆ ಓಕ್‌ಗೆ ಡೆತ್‌ವಾಚ್ ಎಂಬ ಮರ ಕೊರೆಯುವ ಹುಳ ಬರುತ್ತದೆ. ಒಣ ಚೇಗಿಗೆ ಅದು ಅಷ್ಟಾಗಿ ಬಾಯಿ ಹಾಕುವುದಿಲ್ಲ, ಕೊಳೆತು ಮೆತ್ತಗಾದ ಮರವೇ ಅದಕ್ಕೆ ಬೇಕು. ಆಮೇಲೆ ಗೋಡೆಯ ಮಣ್ಣು ಉದುರುತ್ತದೆ.

ಈ ಮನೆಗೆ ಆದದ್ದೂ ಅದೇ. ಪಾದ್ರಿಗಳು ಬಿಟ್ಟು ಹೋದ ಮೇಲೆ ಇದನ್ನು ಕೂಲಿಕಾರರ ಎರಡು ಬಿಡಾರವಾಗಿ ಬಾಡಿಗೆಗೆ ಕೊಟ್ಟರು. ಬಾಡಿಗೆ ಸಣ್ಣದು, ರಿಪೇರಿ ದೊಡ್ಡದು. ಇದ್ದವರಿಗೆ ಶಕ್ತಿಯಿಲ್ಲ, ಒಡೆಯರಿಗೆ ಆಸಕ್ತಿಯಿಲ್ಲ. 1885ರಲ್ಲಿ ಚರ್ಚಿನ ಆಸ್ತಿ ನೋಡಿಕೊಳ್ಳುವ ಆಯುಕ್ತರು ಕೆಡವಲು ಒಪ್ಪಿಗೆ ಕೊಟ್ಟರು. ಆಗ ಅಲ್ಲಿ ಬಾಡಿಗೆಗಿದ್ದ ಒಬ್ಬ ಮುದುಕಿ, ನಾನು ಇರುವಷ್ಟು ದಿನ ಇಲ್ಲೇ ಇರುತ್ತೇನೆ ಎಂದು ಬೇಡಿಕೊಂಡರಂತೆ. ಅದಕ್ಕೆ ಕೆಡವುವುದು ಮುಂದೆ ಹೋಯಿತು ಅನ್ನುವುದು ಊರಿನ ಕಥೆ. ಆ ಅಜ್ಜಿಗೆ ಕಟ್ಟಡ ಶಾಸ್ತ್ರದ ಗೊಡವೆ ಇರಲಿಲ್ಲ. ಅವರಿಗೆ ಅದು ಮನೆ, ಅಷ್ಟೇ. ಮನೆ ಉಳಿಸಿದವರ ಪಟ್ಟಿಯಲ್ಲಿ ನಾನು ಮೊದಲು ಬರೆಯುವ ಹೆಸರು ಅವರದೇ.

ಆಮೇಲೆ ಬಂದವರು ಊರಿನ ಪಾದ್ರಿ ಎಫ್. ಡಬ್ಲ್ಯೂ. ಬೇನನ್. ಈ ಮನೆ ಬೀಳಬಾರದು ಎಂದು ಹಠ ಹಿಡಿದು ಅಲ್ಲಿ ಇಲ್ಲಿ ಕಾಗದ ಬರೆದರು. ಹಣ ಒದಗಲಿಲ್ಲ. ಕೊನೆಗೆ ಹೊಸದಾಗಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ಗೆ ಸುದ್ದಿ ಮುಟ್ಟಿತು. ಟ್ರಸ್ಟ್ ಕಟ್ಟಿದವರು ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಮೂವರು. ಹಿಲ್ ಅವರು ಲಂಡನ್ನಿನಲ್ಲಿ ಬಡವರ ಬಾಡಿಗೆ ಮನೆಗಳನ್ನು ಸುಧಾರಿಸುವ ಕೆಲಸದಲ್ಲಿ ದಶಕಗಳನ್ನು ಕಳೆದವರು. ಹಳೆಯ ಮನೆಯೊಂದಕ್ಕೆ ಏನು ಖರ್ಚು ಬರುತ್ತದೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಬೆಲೆ 10 ಪೌಂಡ್ ಆದರೂ ರಿಪೇರಿಗೆ ಅದರ ಎಷ್ಟೋ ಪಟ್ಟು ಬೇಕು ಅನ್ನುವುದೂ ಗೊತ್ತಿತ್ತು. ಹಾಗಾಗಿ ಜನರ ಬಳಿ ಹಣಕ್ಕೆ ಕೈಚಾಚಿದರು.

ಈಗ ಬಂತು ನಿಜವಾದ ಪ್ರಶ್ನೆ. ರಿಪೇರಿ ಹೇಗೆ?

ಆ ಕಾಲದಲ್ಲಿ ಹಳೆಯ ಕಟ್ಟಡಗಳನ್ನು ಮೊದಲಿನ ಹಾಗೆ ಮಾಡುತ್ತೇವೆ ಅನ್ನುವ ಹುಚ್ಚು ಇಂಗ್ಲೆಂಡಿನಲ್ಲಿ ಜೋರಾಗಿತ್ತು. ನೂರಾರು ಚರ್ಚುಗಳಲ್ಲಿ ಮಧ್ಯಕಾಲದ ಗಾರೆ ಕೆರೆದು ಹಾಕಿ, ನಂತರದ ಕಾಲದ ಭಾಗಗಳನ್ನು ಒಡೆದು, ಹೀಗೇ ಇದ್ದಿರಬೇಕು ಎಂದು ಊಹಿಸಿಕೊಂಡು ಹೊಸದಾಗಿ ಕೆತ್ತಿಸುತ್ತಿದ್ದರು. ಇದನ್ನು ನೋಡಿ ಹೊಟ್ಟೆಯುರಿದು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್, ವಾಸ್ತುಶಿಲ್ಪಿ ಗೆಳೆಯ ಫಿಲಿಪ್ ವೆಬ್ ಮುಂತಾದವರ ಜೊತೆ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ್ದರು. ಅವರ ಮಾತು ಸರಳ. ಹಳೆಯದನ್ನು ಹೊಸದು ಮಾಡಲು ಹೋಗಬೇಡಿ. ಇದ್ದದ್ದನ್ನು ಬೀಳದಂತೆ ನೋಡಿಕೊಳ್ಳಿ. ಸೋರುವ ಕಡೆ ಮುಚ್ಚಿ, ವಾಲುವ ಕಡೆ ಊರುಗೋಲು ಕೊಡಿ. ಹೊಸ ತುಂಡು ಹಾಕಿದರೆ ಅದು ಹೊಸದು ಎಂದು ಕಾಣಲಿ, ಹಳೆಯದರ ವೇಷ ಹಾಕುವುದು ಬೇಡ.

ಕ್ಲರ್ಜಿ ಹೌಸಿನ ರಿಪೇರಿ ನಡೆದದ್ದು ಈ ಸಂಘದ ಸಲಹೆಯ ಪ್ರಕಾರ. ಕೆಲಸ ನೋಡಿಕೊಂಡವರು ಆಲ್‌ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿ. ಮನೆಯನ್ನು 14ನೇ ಶತಮಾನದಲ್ಲಿ ಇದ್ದ ಹಾಗೆ ಮಾಡಿ ತೋರಿಸುವ ಆಸೆಯನ್ನು ಬದಿಗಿಟ್ಟು, ಬೀಳುತ್ತಿದ್ದುದನ್ನು ನಿಲ್ಲಿಸುವುದಕ್ಕೆ ಮೊದಲ ಗಮನ ಕೊಟ್ಟರು. ಇದು ಕೇಳಲು ಸಣ್ಣ ವಿಷಯ. ಆದರೆ ದುಡ್ಡು ಕೊಟ್ಟ ಜನರಿಗೆ ಹೊಳೆಯುವ ಹೊಸ ಮನೆ ತೋರಿಸುವುದು ಎಷ್ಟು ಸುಲಭ, ಸೊಟ್ಟಗಿದ್ದ ತೊಲೆಯನ್ನು ಸೊಟ್ಟಗೇ ಬಿಟ್ಟು ಗಟ್ಟಿ ಮಾಡುವುದು ಎಷ್ಟು ಕಷ್ಟ ಅನ್ನುವುದು ಹಳೇ ಮನೆಗೆ ಕೈ ಹಾಕಿದವರಿಗೆ ಗೊತ್ತು. ಹೊಸ ಸಂಸ್ಥೆಯೊಂದು ತನ್ನ ಮೊದಲ ಕಟ್ಟಡದಲ್ಲೇ ಕಷ್ಟದ ದಾರಿ ಹಿಡಿದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಈ ದಾರಿಯಲ್ಲೂ ಬಿಡಿಸಲಾಗದ ಗಂಟುಗಳಿವೆ. ಇಂಥ ಎಷ್ಟೋ ಮನೆಗಳಿಗೆ 16-17ನೇ ಶತಮಾನದಲ್ಲಿ ಇಟ್ಟಿಗೆಯ ಚಿಮಣಿ ಬಂತು. ಹೊಗೆ ಹೋಗಲು ದಾರಿಯಾದ ಮೇಲೆ ನಡುಮನೆಗೂ ಅಟ್ಟ ಹಾಕಿ ಮಹಡಿ ಮಾಡಿಕೊಂಡರು. ಆ ಅಟ್ಟವೂ ಈಗ ಮುನ್ನೂರು ನಾನೂರು ವರ್ಷ ಹಳೆಯದು. ಕ್ರೌನ್ ಪೋಸ್ಟ್ ಕಾಣಬೇಕೆಂದು ಅಟ್ಟ ತೆಗೆದರೆ ಒಂದು ಕಾಲವನ್ನು ತೋರಿಸಲು ಇನ್ನೊಂದು ಕಾಲವನ್ನು ಅಳಿಸಿದ ಹಾಗೆ. ತೆಗೆಯದಿದ್ದರೆ ನಡುಮನೆಯ ಎತ್ತರ ಯಾರಿಗೂ ಕಾಣುವುದಿಲ್ಲ. ಪ್ರತಿ ಮನೆಯ ಮುಂದೂ ನಿಂತು ಬೇರೆ ಬೇರೆಯಾಗಿಯೇ ಯೋಚಿಸಬೇಕಾದ ವಿಷಯ ಇದು. ಆಲ್ಫ್ರಿಸ್ಟನ್‌ನಲ್ಲಿ ಇವತ್ತು ನಡುಮನೆ ನೆಲದಿಂದ ಮಾಡಿನವರೆಗೆ ತೆರೆದೇ ಇದೆ. ಆ ಎತ್ತರದ ಅನುಭವಕ್ಕೆ ಬೇರೆ ಬದಲಿ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಅಲ್ಲಿ ನಿಂತವರು ನೋಡಲೇಬೇಕಾದ ಇನ್ನೊಂದು ಚಿಕ್ಕ ವಸ್ತು ಇದೆ. ನಡುಮನೆಯ ಮೂಲೆಯೊಂದರಲ್ಲಿ, ಮೇಲಿನ ಅಂಚುಮರದ ಮೇಲೆ, ಬಡಗಿ ಒಂದು ಓಕ್ ಎಲೆ ಕೆತ್ತಿದ್ದಾನೆ. ಓಕ್ ಮರದ ಮೇಲೆ ಓಕ್ ಎಲೆ. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ಕೆತ್ತನೆ. ನ್ಯಾಷನಲ್ ಟ್ರಸ್ಟ್ 1930ರ ದಶಕದಲ್ಲಿ ಓಕ್ ಎಲೆಗಳ ಗೊಂಚಲನ್ನು ತನ್ನ ಲಾಂಛನ ಮಾಡಿಕೊಂಡಿತು. ಅದಕ್ಕೆ ಈ ಮೂಲೆಯ ಎಲೆಯೇ ಪ್ರೇರಣೆ ಇರಬಹುದು ಎಂಬ ಮಾತಿದೆ. ಈಗ ಅದು ಇಂಗ್ಲೆಂಡಿನ ಊರೂರಿನ ಫಲಕಗಳ ಮೇಲೆ ಕಾಣುತ್ತದೆ. ಕೆತ್ತಿದವನ ಹೆಸರು ಎಲ್ಲೂ ಇಲ್ಲ. ಮುಂದೆ ಹೊಗೆ ತುಂಬಲಿದ್ದ ಆ ಕತ್ತಲ ಮೂಲೆಗೆಂದು, ಹಸಿ ಮರ ಒಣಗಿ ಉಳಿಗೆ ಬಗ್ಗದೆ ಹೋಗುವ ಮೊದಲೇ ಅವನು ಆ ಎಲೆಯ ನರಗಳನ್ನು ಬಿಡಿಸಿ ಮುಗಿಸಿದ್ದ.